ಕ್ರಿಯಾಟಿನ್‌ಗೆ ಒಂದು 'ನಿ' ಅಂಟಿಕೊಂಡ ಕಥೆ

ಜಿಮ್‌ಗೆ ಹೋಗುವ ಮಗನ ಬ್ಯಾಗಿನಲ್ಲಿ ಕ್ರಿಯಾಟಿನ್ ಎಂಬ ಬಿಳಿ ಪುಡಿಯ ಡಬ್ಬ ಸಿಕ್ಕಿದ ದಿನ ಯಾವ ಮನೆಯಲ್ಲಾದರೂ ನಡೆಯುವ ಮಾತು ಹೆಚ್ಚುಕಡಿಮೆ ಒಂದೇ. "ಇದು ಸ್ಟೀರಾಯ್ಡ್ ಅಲ್ವಾ?" ಅಂತ ಅಪ್ಪ. "ಕಿಡ್ನಿ ಹೋಗತ್ತಂತೆ ಕಣೋ" ಅಂತ ಅಮ್ಮ. "ಕೂದಲು ಉದುರತ್ತೆ ನೋಡ್ತಿರು" ಅಂತ ತಂಗಿ. ಮಗ ಮೊಬೈಲ್ ತೆಗೆದು ಒಂದು ವಿಡಿಯೊ ತೋರಿಸುತ್ತಾನೆ. ಅದರಲ್ಲಿ ಅಷ್ಟು ಹೊತ್ತು ವಿಜ್ಞಾನ ಹೇಳಿದವರೇ ಕೊನೆಗೆ ಡಿಸ್ಕೌಂಟ್ ಕೋಡ್ ಕೊಡುತ್ತಾರೆ. ಅಲ್ಲಿಗೆ ಮಗನ ವಾದ ಮುಗಿಯಿತು.

ತಮಾಷೆ ಏನೆಂದರೆ ಅಪ್ಪ, ಅಮ್ಮ, ತಂಗಿ ಮೂವರ ಭಯವೂ ಸುಮ್ನೆ ಹುಟ್ಟಿದ್ದಲ್ಲ. ಒಂದೊಂದಕ್ಕೂ ಒಂದು ಊರಿದೆ, ಒಂದು ಇಸವಿ ಇದೆ. ಮೂರೂ ಸೇರಿ ಗಂಟಾಗಿರುವುದರಿಂದ ಎಲ್ಲಿಂದ ಬಿಡಿಸುವುದು ಅಂತ ಗೊತ್ತಾಗುವುದಿಲ್ಲ, ಅಷ್ಟೇ.

ಶುರು ಮಾಂಸದ ಸಾರಿನಿಂದ. 1832ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರಲ್ ಆ ಸಾರಿನಿಂದ ಒಂದು ಹೊಸ ವಸ್ತುವನ್ನು ಬೇರೆ ಮಾಡಿದರು. ಗ್ರೀಕ್‌ನಲ್ಲಿ ಮಾಂಸಕ್ಕೆ 'ಕ್ರಿಯಾಸ್' ಅನ್ನುತ್ತಾರೆ, ಕ್ರಿಯಾಟಿನ್ ಅನ್ನುವ ಹೆಸರು ಅಲ್ಲಿಂದ ಬಂತು. 1847ರಲ್ಲಿ ಜರ್ಮನಿಯ ಲೀಬಿಗ್, ಬೇಟೆಯಲ್ಲಿ ಓಡಿ ಓಡಿ ಸತ್ತ ನರಿಯ ಮಾಂಸದಲ್ಲಿ ಕಟ್ಟಿ ಸಾಕಿದ ನರಿಗಿಂತ ಹತ್ತು ಪಟ್ಟು ಕ್ರಿಯಾಟಿನ್ ಇದೆ ಅಂದರು. ಮುಂದೆ ಅವರ ಹೆಸರಿನಲ್ಲೇ ಮಾಂಸದ ಸಾರವನ್ನು ಗಟ್ಟಿ ಮಾಡಿ ಮಾರಲಾಯಿತು. ವಿಜ್ಞಾನಿಯ ಹೆಸರು ಹಾಕಿ ಶಕ್ತಿ ಮಾರುವುದು ಹೊಸ ಕಸುಬೇನಲ್ಲ ಬಿಡಿ.

ಆಮೇಲೆ ಬಹಳ ಕಾಲ ಇದು ಪ್ರಯೋಗಾಲಯದಲ್ಲೇ ಉಳಿಯಿತು. 1927ರಲ್ಲಿ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಮತ್ತು ನಮ್ಮ ಪಕ್ಕದ ಆಂಧ್ರದ ಭೀಮವರಂನವರಾದ ಯಲ್ಲಾಪ್ರಗಡ ಸುಬ್ಬರಾವ್, ಸ್ನಾಯುವಿನೊಳಗೆ ಕ್ರಿಯಾಟಿನ್ ರಂಜಕದ ಜೊತೆ ಸೇರಿಕೊಂಡಿರುತ್ತದೆ ಎಂದು ತೋರಿಸಿದರು. ಅದೇ ಫಾಸ್ಫೋಕ್ರಿಯಾಟಿನ್. ಅದೇ ಹೊತ್ತಿಗೆ ಇಂಗ್ಲೆಂಡಿನ ಇಬ್ಬರೂ ಇದನ್ನೇ ಕಂಡಿದ್ದರು. ಜಿಮ್‌ನಲ್ಲಿ ಶೇಕರ್ ಅಲ್ಲಾಡಿಸುವ ಎಷ್ಟು ಜನಕ್ಕೆ ಸುಬ್ಬರಾವ್ ಹೆಸರು ಗೊತ್ತು ಹೇಳಿ.

ಇದು ಕೆಲಸ ಮಾಡುವ ರೀತಿ ಕಷ್ಟದ್ದಲ್ಲ. ಸ್ನಾಯುವಿಗೆ ಕೈಖರ್ಚಿಗೆ ಬೇಕಾದ ಶಕ್ತಿ ಎಟಿಪಿ ಅನ್ನುವ ರೂಪದಲ್ಲಿರುತ್ತದೆ, ಜೋರಾಗಿ ಭಾರ ಎತ್ತಿದರೆ ಅದು ಎರಡು ಮೂರು ಸೆಕೆಂಡಿಗೆ ಮುಗಿಯುತ್ತದೆ. ಕರೆಂಟ್ ಹೋದ ಮೇಲೆ ಜನರೇಟರ್ ಶುರುವಾಗುವ ತನಕ ಯುಪಿಎಸ್ ಎಳೆಯುತ್ತದಲ್ಲ, ಹಾಗೆ ಫಾಸ್ಫೋಕ್ರಿಯಾಟಿನ್ ತನ್ನ ರಂಜಕವನ್ನು ಕೊಟ್ಟು ಇನ್ನೊಂದಿಷ್ಟು ಸೆಕೆಂಡು ದೂಡುತ್ತದೆ. ಈ ದಾಸ್ತಾನು ಸ್ವಲ್ಪ ಜಾಸ್ತಿಯಾದರೆ ಎಂಟನೇ ರೆಪ್‌ಗೆ, ಅಂದರೆ ಎಂಟನೇ ಸಲಕ್ಕೆ, ಕೈಕೊಡುತ್ತಿದ್ದ ಸ್ಕ್ವಾಟ್ (ಭಾರ ಹೊತ್ತು ಕೂತು ಏಳುವುದು) ಒಂಬತ್ತಕ್ಕೋ ಹತ್ತಕ್ಕೋ ಹೋಗುತ್ತದೆ. ದಿನಾ ಆ ಒಂದು ರೆಪ್ ಕೂಡುತ್ತಾ ಹೋದರೆ ತಿಂಗಳುಗಟ್ಟಲೆಯಲ್ಲಿ ಬಲವಾಗುತ್ತದೆ. ಅಷ್ಟೇ ಇದರ ಮಹಿಮೆ. ಡಬ್ಬ ತಂದಿಟ್ಟು ಜಿಮ್‌ಗೆ ಹೋಗದಿದ್ದರೆ ತೋಳು ಬೆಳೆಯುವುದಿಲ್ಲ, ಮ್ಯಾರಥಾನ್ ಓಡುವವರಿಗೆ ಅಂಥ ಲಾಭವೂ ಇಲ್ಲ.

ನಮ್ಮ ಗರಡಿಮನೆ ಪೈಲ್ವಾನರು ಇದನ್ನೆಲ್ಲ ತಿನ್ನದೆಯೇ ಕಟ್ಟುಮಸ್ತಾಗಿರಲಿಲ್ಲವಾ ಅಂತ ಕೇಳುವವರಿದ್ದಾರೆ. ಇದ್ದರು. ಮಟನ್ ತಿನ್ನುತ್ತಿದ್ದವರಿಗೆ ಕ್ರಿಯಾಟಿನ್ ಅದರಲ್ಲೇ ಸಿಗುತ್ತಿತ್ತು, ಒಂದು ಕೆಜಿ ಹಸಿ ಮಾಂಸದಲ್ಲಿ ಸುಮಾರು 4ರಿಂದ 5 ಗ್ರಾಂ. ಹಾಲು, ತುಪ್ಪ, ಬಾದಾಮಿ ಒಳ್ಳೆಯದೇ, ಆದರೆ ಅವುಗಳಲ್ಲಿ ಇದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ದಿನಕ್ಕೆ ಬೇಕಾದ ಸುಮಾರು 2 ಗ್ರಾಂನಲ್ಲಿ ಅರ್ಧದಷ್ಟನ್ನು ದೇಹ ತಾನೇ ತಯಾರಿಸಿಕೊಳ್ಳುತ್ತದೆ, ಉಳಿದದ್ದು ಊಟದಿಂದ ಬರಬೇಕು. ಅದಕ್ಕೇ ಸಸ್ಯಾಹಾರಿಗಳ ಸ್ನಾಯುಗಳಲ್ಲಿ ದಾಸ್ತಾನು ಕಡಿಮೆ ಇರುತ್ತದೆ, ಪುಡಿ ತೆಗೆದುಕೊಂಡಾಗ ಅವರಲ್ಲೇ ಏರಿಕೆ ಜಾಸ್ತಿ. ಅನ್ನ ಸಾರು ಪಲ್ಯದ ಮನೆಯ ಹುಡುಗನಿಗೆ ಇದು ಹೆಚ್ಚು ಹತ್ತುತ್ತದೆ, ಬೈಸಿಕೊಳ್ಳುವವನೂ ಅವನೇ.

ಪ್ರಯೋಗಾಲಯದಿಂದ ಇದು ಹೊರಗೆ ಬಂದದ್ದು 1992ರಲ್ಲಿ. ಸಂಶೋಧಕರಾದ ರೋಜರ್ ಹ್ಯಾರಿಸ್, ಎರಿಕ್ ಹಲ್ಟ್‌ಮನ್ ಮತ್ತು ಅವರ ಜೊತೆಗಾರರು 5 ಗ್ರಾಂನಂತೆ ದಿನಕ್ಕೆ ನಾಲ್ಕಾರು ಸಲ ಪುಡಿ ಕೊಟ್ಟು, ಸ್ನಾಯುವಿನ ಚೂರು ತೆಗೆದು ನೋಡಿ, ತಿಂದದ್ದು ಸ್ನಾಯುವಿಗೆ ಹೋಗಿ ಸೇರುತ್ತದೆ ಎಂದು ಪ್ರಕಟಿಸಿದರು. ಅದೇ ವರ್ಷ ಬಾರ್ಸಿಲೋನಾ ಒಲಿಂಪಿಕ್ಸ್. 100 ಮೀಟರ್ ಗೆದ್ದ ಲಿನ್‌ಫರ್ಡ್ ಕ್ರಿಸ್ಟಿ, 400 ಮೀಟರ್ ಹರ್ಡಲ್ಸ್ ಗೆದ್ದ ಸ್ಯಾಲಿ ಗನ್ನೆಲ್ ಕ್ರಿಯಾಟಿನ್ ಬಳಸಿದ್ದರು ಎಂದು ಬ್ರಿಟಿಷ್ ಪತ್ರಿಕೆಯಲ್ಲಿ ಸುದ್ದಿ ಬಂತು. ಮರುವರ್ಷವೇ ಅಮೆರಿಕದಲ್ಲಿ ಡಬ್ಬಗಳು ಅಂಗಡಿಗೆ ಬಂದವು. ಓಟಗಾರ ಬೆನ್ ಜಾನ್ಸನ್ ಸ್ಟೀರಾಯ್ಡ್ ಬಳಸಿ ಸಿಕ್ಕಿಬಿದ್ದು ಆಗಿನ್ನೂ ನಾಲ್ಕೇ ವರ್ಷ, ಓಟಗಾರರು ಏನೋ ಪುಡಿ ತಿನ್ನುತ್ತಾರಂತೆ ಅಂದರೆ ಜನ ಇನ್ನೇನು ಅಂದುಕೊಳ್ಳಬೇಕು? ಒಲಿಂಪಿಕ್ಸ್‌ನವರು ಇದನ್ನು ಆಗಲೂ ನಿಷೇಧಿಸಲಿಲ್ಲ, ಈಗಲೂ ನಿಷೇಧಿತ ವಸ್ತುಗಳ ಪಟ್ಟಿಯಲ್ಲಿ ಇಲ್ಲ. ಆ ಸುದ್ದಿ ಮಾತ್ರ ಅಷ್ಟು ಓಡಲಿಲ್ಲ.

ಅಪ್ಪನ 'ಸ್ಟೀರಾಯ್ಡ್' ಭಯ ಗಟ್ಟಿಯಾದದ್ದು 1998ರ ಬೇಸಿಗೆಯಲ್ಲಿ, ಅಮೆರಿಕದ ಬೇಸ್‌ಬಾಲ್ ಅಂಗಳದಲ್ಲಿ. ಆ ಸೀಸನ್‌ನಲ್ಲಿ 70 ಹೋಮ್ ರನ್ ಹೊಡೆದು ದಾಖಲೆ ಬರೆದ ಮಾರ್ಕ್ ಮೆಗ್ವಾಯರ್ ಆಂಡ್ರೊ ಎಂಬ, ದೇಹದಲ್ಲಿ ಟೆಸ್ಟೋಸ್ಟಿರಾನ್ ಆಗಬಲ್ಲ ಹಾರ್ಮೋನ್ ಸರಕನ್ನು ಬಳಸುತ್ತಿದ್ದದ್ದು ಬಯಲಾಯಿತು. ಜೊತೆಗೆ ಕ್ರಿಯಾಟಿನ್ ಕೂಡ. ಎರಡೂ ಒಂದೇ ಅಂಗಡಿಯ ಒಂದೇ ಕಪಾಟಿನಲ್ಲಿ ಸಿಗುತ್ತಿದ್ದ ಕಾಲ ಅದು. ಒಂದು ಹಾರ್ಮೋನ್, ಇನ್ನೊಂದು ಮೀನು ಮಾಂಸದಲ್ಲಿ ಇರುವ ವಸ್ತು, ಆದರೂ ಸುದ್ದಿಯ ಒಂದೇ ವಾಕ್ಯದಲ್ಲಿ ಜೋಡಿಯಾಗಿ ಊರೆಲ್ಲ ಸುತ್ತಿದವು. ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅಂತಾರಲ್ಲ, ಹಾಗಾಯಿತು.

ಅದಕ್ಕೂ ಮೊದಲು, 1997ರ ನವೆಂಬರ್ ಡಿಸೆಂಬರ್‌ನಲ್ಲಿ, ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಸುಮಾರು ಒಂದು ತಿಂಗಳಲ್ಲಿ ಒಬ್ಬರ ಹಿಂದೆ ಒಬ್ಬರು ಸತ್ತಿದ್ದರು. ಅನುಮಾನ ಮೊದಲು ಹೋದದ್ದು ಕ್ರಿಯಾಟಿನ್ ಮೇಲೆ. ತನಿಖೆಯಲ್ಲಿ ಕಂಡದ್ದು ಬೇರೆ. ತೂಕ ಇಳಿಸಲು ರಬ್ಬರ್ ಸೂಟ್ ಹಾಕಿಕೊಂಡು ಬಿಸಿ ಕೋಣೆಯಲ್ಲಿ ವ್ಯಾಯಾಮ ಮಾಡಿ, ನೀರು ಬಿಟ್ಟು, ದೇಹ ಕಾದು ಹೋಗಿದ್ದವು. ಕಾಲೇಜು ಕುಸ್ತಿಯಲ್ಲಿ ರಬ್ಬರ್ ಸೂಟ್‌ಗೆ ನಿಷೇಧ ಬಂತು. ಪುಡಿಯ ಮೇಲಿನ ಅನುಮಾನ ಮಾತ್ರ ಜನರ ಬಾಯಲ್ಲಿ ಹಾಗೇ ಉಳಿಯಿತು.

ಇನ್ನು ಅಮ್ಮನ ಕಿಡ್ನಿ ವಿಷಯ. ನಮ್ಮಲ್ಲಿ ಎಲ್ಲರನ್ನೂ ದಾರಿ ತಪ್ಪಿಸುವುದು ಇದೇ, ಇದಕ್ಕೆ ಕಾರಣ ಒಂದು ಅಕ್ಷರ. ಪುಡಿ ಕ್ರಿಯಾಟಿನ್. ಲ್ಯಾಬ್ ರಿಪೋರ್ಟಿನಲ್ಲಿ ಕಿಡ್ನಿ ಲೆಕ್ಕಕ್ಕೆ ನೋಡುವುದು ಕ್ರಿಯಾಟಿನಿನ್. ನಡುವೆ ಒಂದು 'ನಿ' ಜಾಸ್ತಿ. ಸುಮಾರು 70 ಕೆಜಿ ತೂಕದ ಗಂಡಸಿನ ಮೈಯಲ್ಲಿ 120 ಗ್ರಾಂನಷ್ಟು ಕ್ರಿಯಾಟಿನ್ ಇರುತ್ತದೆ, ಹೆಚ್ಚುಕಡಿಮೆ ಎಲ್ಲವೂ ಸ್ನಾಯುವಿನಲ್ಲಿ. ಅದರಲ್ಲಿ ದಿನಕ್ಕೆ ಸುಮಾರು 2 ಗ್ರಾಂ ತನ್ನಷ್ಟಕ್ಕೆ ತಾನೇ ಮಾರ್ಪಟ್ಟು ಕ್ರಿಯಾಟಿನಿನ್ ಆಗುತ್ತದೆ, ರಕ್ತಕ್ಕೆ ಇಳಿಯುತ್ತದೆ, ಕಿಡ್ನಿ ಅದನ್ನು ಸೋಸಿ ಮೂತ್ರಕ್ಕೆ ಬಿಡುತ್ತದೆ. ಕಿಡ್ನಿ ಸೋತರೆ ರಕ್ತದಲ್ಲಿ ಇದು ಉಳಿದುಕೊಳ್ಳುತ್ತದೆ, ಅದಕ್ಕೇ ಡಾಕ್ಟರು ಇದನ್ನು ಅಳೆಯುತ್ತಾರೆ. ಮ್ಯಾಕ್ಸ್ ಯಾಫೆ ಎಂಬುವರು 1886ರಲ್ಲಿ ಕಂಡುಕೊಂಡ ಬಣ್ಣ ಬದಲಾಗುವ ಪರೀಕ್ಷೆ ಇವತ್ತಿಗೂ ಎಷ್ಟೋ ಲ್ಯಾಬ್‌ಗಳಲ್ಲಿ ನಡೆಯುತ್ತಿದೆ. ಅಗ್ಗ, ಸುಲಭ, ಬಹುಪಾಲು ಜನಕ್ಕೆ ಸಾಕು.

ಆದರೆ ಈ ಅಳತೆಗೆ ಒಂದು ಕುರುಡಿದೆ. ಬಾಗಿಲ ಮುಂದೆ ಕಸ ರಾಶಿ ಬಿದ್ದಿದ್ದರೆ ಕಸದ ಗಾಡಿ ಬಂದಿಲ್ಲ ಅಂತಲೂ ಇರಬಹುದು, ಮನೆಯಲ್ಲಿ ನಿನ್ನೆ ಹಬ್ಬ ಇತ್ತು ಅಂತಲೂ ಇರಬಹುದು. ಸ್ನಾಯು ಜಾಸ್ತಿ ಇದ್ದರೆ ಕ್ರಿಯಾಟಿನಿನ್ ಜಾಸ್ತಿ, ಹಿಂದಿನ ರಾತ್ರಿ ಮಟನ್ ಬಿರಿಯಾನಿ ತಿಂದಿದ್ದರೂ ಜಾಸ್ತಿ, ಪುಡಿ ತೆಗೆದುಕೊಂಡಿದ್ದರೆ ಇನ್ನೊಂದಿಷ್ಟು. ರಿಪೋರ್ಟಿನ ಕೊನೆಯ ಸಾಲಿನಲ್ಲಿ ಬರುವ ಇಜಿಎಫ್ಆರ್ ಅನ್ನುವ ಅಂಕಿಯೂ (ಕಿಡ್ನಿ ಎಷ್ಟು ಸೋಸುತ್ತಿದೆ ಅನ್ನುವ ಅಂದಾಜು) ಈ ಕ್ರಿಯಾಟಿನಿನ್, ವಯಸ್ಸು, ಗಂಡು ಹೆಣ್ಣು ನೋಡಿ ಸೂತ್ರದಿಂದ ತೆಗೆದದ್ದು. ನೀವು 140 ಕೆಜಿ ಭಾರವನ್ನು ನೆಲದಿಂದ ಎತ್ತಿ ಡೆಡ್‌ಲಿಫ್ಟ್ ಮಾಡುತ್ತೀರಿ ಅನ್ನುವುದು ಸೂತ್ರಕ್ಕೆ ಗೊತ್ತಿಲ್ಲ.

ಈ ಕುರುಡಿನ ಮೇಲೆ 1998ರಲ್ಲಿ ಒಂದು ಪ್ರಕರಣ ಬಂದು ಕೂತಿತು. ಲಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯರು ಒಂದು ಪತ್ರ ಬರೆದರು. 25 ವರ್ಷದ ಯುವಕ, ಕ್ರಿಯಾಟಿನ್ ತಿಂದ ಮೇಲೆ ಅವನ ಕಿಡ್ನಿಯ ಲೆಕ್ಕ ಕೆಟ್ಟಿತು, ಬಿಟ್ಟ ಮೇಲೆ ಸರಿಹೋಯಿತು. ಅದೇ ಪತ್ರದಲ್ಲಿ ಇದ್ದ ಇನ್ನೊಂದು ಮಾತು ಅಷ್ಟು ದೂರ ಹೋಗಲಿಲ್ಲ: ಅವನಿಗೆ ಎಂಟು ವರ್ಷದಿಂದ ಕಿಡ್ನಿ ಕಾಯಿಲೆ ಇತ್ತು, ಅದಕ್ಕೆ ಸೈಕ್ಲೋಸ್ಪೋರಿನ್ ಎಂಬ ಮದ್ದೂ ನಡೆಯುತ್ತಿತ್ತು. ಪತ್ರ ಬರೆದವರ ತಪ್ಪು ಅನ್ನಲಾಗದು, ಅವರು ಎಚ್ಚರಿಕೆ ಹೇಳಿದರು. ಆದರೆ ಬಾಯಿಂದ ಬಾಯಿಗೆ ಹೋಗುವಾಗ 'ಕಿಡ್ನಿ ಕಾಯಿಲೆ ಇದ್ದವನಿಗೆ' ಅನ್ನುವುದು ಉದುರಿ 'ಕಿಡ್ನಿ ಹೋಗುತ್ತದೆ' ಅನ್ನುವುದು ಉಳಿಯಿತು.

ಬೆಲ್ಜಿಯಂನ ಸಂಶೋಧಕರಾದ ಪೂರ್ಟ್‌ಮನ್ಸ್ ಮತ್ತು ಫ್ರಾಂಕೊ 1999ರಲ್ಲಿ, ಹತ್ತು ತಿಂಗಳಿಂದ ಐದು ವರ್ಷದವರೆಗೆ ಕ್ರಿಯಾಟಿನ್ ತಿಂದ ಕ್ರೀಡಾಪಟುಗಳ ಕಿಡ್ನಿ ಪರೀಕ್ಷಿಸಿ ತೊಂದರೆ ಕಾಣಲಿಲ್ಲ ಎಂದರು. ಚಿಕ್ಕ ಗುಂಪು, ಒಂಬತ್ತೇ ಜನ. ಆಮೇಲೆ ಬಂದ ಪ್ರಯೋಗಗಳೂ ಆರೋಗ್ಯವಂತರಲ್ಲಿ ಇದೇ ದಿಕ್ಕಿಗೆ ಹೋದವು. ಇಲ್ಲಿ 'ಆರೋಗ್ಯವಂತರು' ಅನ್ನುವ ಪದವನ್ನು ಉದುರಿಸಬೇಡಿ, ಮತ್ತೆ ಅದೇ ಆಟವಾಗುತ್ತದೆ. ಕಿಡ್ನಿ ತೊಂದರೆ ಇರುವವರು, ಅದಕ್ಕೆ ಮಾತ್ರೆ ನುಂಗುತ್ತಿರುವವರು ಡಾಕ್ಟರನ್ನು ಕೇಳದೆ ಡಬ್ಬ ಮುಟ್ಟಬಾರದು.

ತಂಗಿಯ ಕೂದಲಿನ ಮಾತು 2009ರದ್ದು, ದಕ್ಷಿಣ ಆಫ್ರಿಕಾದ್ದು. 20 ಜನ ಕಾಲೇಜು ರಗ್ಬಿ ಆಟಗಾರರಿಗೆ ಮೂರು ವಾರ ಪುಡಿ ಕೊಟ್ಟಾಗ, ಕೂದಲು ಉದುರುವುದಕ್ಕೆ ನಂಟಿರುವ ಡಿಎಚ್‌ಟಿ ಎಂಬ ಹಾರ್ಮೋನ್ ಮೊದಲ ವಾರದಲ್ಲೇ ಶೇ 56 ಏರಿತು. ಏರಿದರೂ ಸಾಮಾನ್ಯ ಮಿತಿಯೊಳಗೇ ಇತ್ತು. ಯಾರ ತಲೆಯ ಕೂದಲನ್ನೂ ಯಾರೂ ಎಣಿಸಲಿಲ್ಲ. 2025ರಲ್ಲಿ 12 ವಾರದ ಪ್ರಯೋಗದಲ್ಲಿ ಕೂದಲನ್ನೇ ನೋಡಿದಾಗ ಪುಡಿ ತಿಂದವರಿಗೂ ತಿನ್ನದವರಿಗೂ ವ್ಯತ್ಯಾಸ ಕಾಣಲಿಲ್ಲ. ಇಪ್ಪತ್ತೈದು ದಾಟಿದ ಹುಡುಗರಿಗೆ ಹೇಗಿದ್ದರೂ ಕೂದಲು ಉದುರಲು ಶುರುವಾಗುವ ವಯಸ್ಸು, ಜಿಮ್‌ಗೆ ಸೇರುವುದೂ ಅದೇ ವಯಸ್ಸಿನಲ್ಲಿ.

ಇಷ್ಟಾದ ಮೇಲೆ ಪುಡಿ ಮಾರುವವರದು ಬೇರೆ ಗೊಂದಲ. ಮೊದಲ ವಾರ ದಿನಕ್ಕೆ 20 ಗ್ರಾಂ 'ಲೋಡಿಂಗ್' ಮಾಡಲೇಬೇಕು ಅಂತ ಈಗಲೂ ಹೇಳುವವರಿದ್ದಾರೆ. ಹಲ್ಟ್‌ಮನ್ ಅವರೇ 1996ರಲ್ಲಿ, ದಿನಕ್ಕೆ 3 ಗ್ರಾಂನಂತೆ 28 ದಿನ ತೆಗೆದುಕೊಂಡರೂ ಸ್ನಾಯು ಅಷ್ಟೇ ತುಂಬುತ್ತದೆ ಎಂದು ತೋರಿಸಿದ್ದರು. ಲೆಕ್ಕ ಹಾಕಿ ನೋಡಿ: 250 ಗ್ರಾಂ ಡಬ್ಬ ದಿನಕ್ಕೆ 3 ಗ್ರಾಂ ಅಂದರೆ 83 ದಿನ ಬರುತ್ತದೆ, ಲೋಡಿಂಗ್ ಅಂದರೆ ಒಂದೇ ವಾರದಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿ. ಆಮೇಲೆ ಕ್ರಿಯಾಟಿನ್‌ನ ಹೊಸ ರೂಪಗಳು ಬಂದವು, ಈಥೈಲ್ ಎಸ್ಟರ್ ಬಂತು, ಬಫರ್ ಮಾಡಿದ್ದು ಬಂತು, ಹೋಲಿಸಿ ನೋಡಿದಾಗ ಮಾಮೂಲಿ ಪುಡಿಯಾದ ಹಳೇ ಮೊನೊಹೈಡ್ರೇಟ್‌ಗಿಂತ ಯಾವುದೂ ಮೇಲಾಗಲಿಲ್ಲ. ಬೆಲೆ ಮಾತ್ರ ಮೇಲಾಯಿತು. ಬೆರೆಸಿ ದಿನಗಟ್ಟಲೆ ಇಟ್ಟ ನೀರಿನಲ್ಲಿ ಕ್ರಿಯಾಟಿನ್ ನಿಧಾನಕ್ಕೆ ಅದೇ 'ನಿ' ಸೇರಿಸಿಕೊಂಡು ಕ್ರಿಯಾಟಿನಿನ್ ಆಗುತ್ತದೆ, ಆದ್ದರಿಂದ ಬೆರೆಸಿದ ಕೂಡಲೇ ಕುಡಿಯುವುದು ಒಳ್ಳೆಯದು. ಮೊದಲ ವಾರ ಒಂದೆರಡು ಕೆಜಿ ತೂಕ ಏರಿದರೆ ಅದು ಸ್ನಾಯುವಿಗೆ ಸೇರಿದ ನೀರು. ಅದನ್ನು ಫೋಟೊ ತೆಗೆದು 'ಏಳು ದಿನದಲ್ಲಿ ಬಾಡಿ' ಅಂತ ಹಾಕುವವರಿಗೂ ಗೊತ್ತು, ನೀರು ಅಂತ.

ನನ್ನದೇ ಕಥೆ ಹೇಳುತ್ತೇನೆ. ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ನನ್ನ ಕ್ರಿಯಾಟಿನಿನ್ 1.4 ಬಂತು, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ 'ಹೆಚ್ಚು' ಅಂತ. ಹಿಂದಿನ ದಿನ ಭಾನುವಾರ, ಬೆಳಿಗ್ಗೆ ಸ್ಕ್ವಾಟ್, ಮಧ್ಯಾಹ್ನ ಮಟನ್, ಜೊತೆಗೆ ದಿನದ 5 ಗ್ರಾಂ. ಪುಡಿ ತೆಗೆದುಕೊಳ್ಳುತ್ತೀರಾ ಅಂತ ರಕ್ತ ಕೊಡುವಾಗ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನೋಡಿದ ಡಾಕ್ಟರು ಪುಡಿ ಬಿಟ್ಟು ಮೂರು ವಾರದ ಮೇಲೆ ಮತ್ತೆ ರಕ್ತ ಕೊಡಿ ಅಂದರು, ಜೊತೆಗೆ ಸಿಸ್ಟಾಟಿನ್ ಸಿ ಅನ್ನುವ ಇನ್ನೊಂದು ಪರೀಕ್ಷೆ ಬರೆದರು. ಅದು ಸ್ನಾಯುವಿನ ಲೆಕ್ಕಕ್ಕೆ ಅಷ್ಟಾಗಿ ಸಿಕ್ಕಿಕೊಳ್ಳದ ಪ್ರೋಟೀನ್, ಸ್ವಲ್ಪ ದುಬಾರಿ, ಮಾಮೂಲಿ ಪ್ಯಾಕೇಜುಗಳಲ್ಲಿ ಇರುವುದಿಲ್ಲ. ಕ್ರಿಯಾಟಿನಿನ್ 1.1ಕ್ಕೆ ಇಳಿದಿತ್ತು, ಸಿಸ್ಟಾಟಿನ್ ಸಿ ಸರಿಯಾಗೇ ಇತ್ತು. ರಿಪೋರ್ಟನ್ನು ಅಮ್ಮನ ಮುಂದೆ ಇಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಸರಿ, ಆದ್ರೆ ಆ ಡಬ್ಬ ಅಡುಗೆಮನೇಲಿ ಬೇಡ, ಮೈದಾ ಅಂತ ಯಾರಾದ್ರೂ ಹಾಕ್ಬಿಟ್ಟಾರು" ಅಂದರು.