ಸ್ಮೂದಿಗೆ ಅರಿಶಿನ ಕಾಲು ಚಮಚ ಸಾಕು

ಹೋದ ಬೇಸಿಗೆಯಲ್ಲಿ ಗುಂಡ್ಲುಪೇಟೆ ಕಡೆಯ ಒಬ್ಬ ಅಮ್ಮ ನನ್ನ ಹತ್ತಿರ ಆಹಾರದ ಸಲಹೆಗೆ ಬಂದಿದ್ದರು. ವಯಸ್ಸು ಅರವತ್ತರ ಆಸುಪಾಸು. ಎರಡೂ ಮಂಡಿ ನೋವು, ಜೊತೆಗೆ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಬ್ಯಾಗಿನಿಂದ ಒಂದು ಸ್ಟೀಲ್ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು.

"ಮೇಡಂ, ಇದನ್ನ ದಿನಾ ಬೆಳಿಗ್ಗೆ ಕುಡೀತಿದ್ದೀನಿ. ಮಂಡಿಗೆ ಒಳ್ಳೇದು ಅಂತ ಮೊಮ್ಮಗಳು ಮೊಬೈಲಲ್ಲಿ ತೋರಿಸಿದ್ಲು."

ಮುಚ್ಚಳ ತೆಗೆದೆ. ಮೊದಲು ಮಾವಿನ ಘಮ, ಅದರ ಹಿಂದೆಯೇ ಅರಿಶಿನದ ಹಸಿ ವಾಸನೆ. ಲೋಟಕ್ಕೆ ಬಗ್ಗಿಸಿದರೆ ದೋಸೆ ಹಿಟ್ಟಿನಷ್ಟು ಗಟ್ಟಿ, ಗಾಢ ಕೇಸರಿ ಬಣ್ಣ. ಏನೇನು ಹಾಕುತ್ತೀರಿ ಎಂದು ಕೇಳಿ ಬರೆದುಕೊಂಡೆ. ಎರಡು ಪಚ್ಚಬಾಳೆ, ಒಂದು ಬಾದಾಮಿ ಮಾವು, ಎರಡು ದೊಡ್ಡ ಚಮಚ ಜೇನುತುಪ್ಪ, ಒಂದು ಚಮಚ ತುಂಬಾ ಅರಿಶಿನ, ಒಂದು ಚಮಚ ಚಕ್ಕೆ ಪುಡಿ, ಉಳಿದದ್ದು ನೀರು. "ಅರಿಶಿನ ನಮ್ಮ ಹೊಲದ್ದೇ ಮೇಡಂ, ಅಂಗಡೀದಲ್ಲ" ಎಂದರು. ಆಮೇಲೆ ಸ್ವಲ್ಪ ತಡೆದು, "ರಾತ್ರಿ ಮಾತ್ರೆ ಒಂದು ಬಿಟ್ಟಿದ್ದೀನಿ" ಎಂದೂ ಹೇಳಿದರು. ಅವರ ರಿಪೋರ್ಟಿನಲ್ಲಿ ಊಟದ ನಂತರದ ಸಕ್ಕರೆ 260 ಇತ್ತು.

ಅವರ ಎದುರಿಗೇ ಲೆಕ್ಕ ಹಾಕಿದೆ. ಎರಡು ಬಾಳೆಹಣ್ಣಿಗೆ ಹತ್ತಿರ ಹತ್ತಿರ 28 ಗ್ರಾಂ ಸಕ್ಕರೆ. ಮಾವಿಗೆ 20. ಜೇನಿಗೆ 34. ಒಟ್ಟು 80 ಗ್ರಾಂ ದಾಟಿತು. ಟೀ ಚಮಚದ ಲೆಕ್ಕದಲ್ಲಿ ಹದಿನಾರು ಚಮಚ ಸಕ್ಕರೆ. ಹೊರಗಿನಿಂದ ಸೇರಿಸುವ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜೇನೂ ಆ ಲೆಕ್ಕಕ್ಕೇ ಬರುತ್ತದೆ. ಇಲ್ಲಿ ಜೇನೊಂದೇ ಅದನ್ನು ಮೀರಿತ್ತು.

ಇಂಥ ಬಾಟಲಿಗಳನ್ನು ಈಗ ಜಾಸ್ತಿ ನೋಡುತ್ತಿದ್ದೇನೆ. ಮಸಾಲೆ ಹಾಕಿದ ಹಣ್ಣಿನ ಸ್ಮೂದಿ ಬೇಡ ಎಂದು ನಾನು ಯಾರಿಗೂ ಹೇಳುವುದಿಲ್ಲ. ಅದು ನಮಗೆ ಹೊಸದೂ ಅಲ್ಲ. ರಾಮನವಮಿಗೆ ಬೇಲದ ಹಣ್ಣನ್ನು ಕಿವುಚಿ ಏಲಕ್ಕಿ, ಶುಂಠಿ, ಮೆಣಸು ಹಾಕಿ ಪಾನಕ ಮಾಡುತ್ತೇವೆ. ಕರಬೂಜದ ರಸಾಯನಕ್ಕೆ ತೆಂಗಿನ ಹಾಲು, ಏಲಕ್ಕಿ ಹಾಕುತ್ತೇವೆ. ಹಣ್ಣು, ಮಸಾಲೆ, ಸ್ವಲ್ಪ ಜಿಡ್ಡು ಒಟ್ಟಿಗೆ ಸೇರಬೇಕು ಅನ್ನುವುದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಮಸಾಲೆಯನ್ನು ಔಷಧಿ ಅಂದುಕೊಂಡು ಚಮಚಗಟ್ಟಲೆ ಸುರಿಯುವುದು, ಉಳಿದದ್ದನ್ನು ನೋಡದೇ ಇರುವುದು, ಇದನ್ನು ಮಾತ್ರ ಬಿಡಬೇಕು.

ಅರಿಶಿನ ಉರಿಯೂತ ತಗ್ಗಿಸುತ್ತದೆ ಎಂದೇ ಜನ ಇದನ್ನು ಕುಡಿಯುವುದು. ಆ ಉರಿಯೂತ ಅಂದರೆ ಏನು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ತರಕಾರಿ ಹೆಚ್ಚುವಾಗ ಬೆರಳು ಕುಯ್ದುಕೊಂಡರೆ ಆ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದಿಕೊಳ್ಳುತ್ತದೆ, ನೋಯುತ್ತದೆ. ದೇಹ ರಿಪೇರಿ ಮಾಡಿಕೊಳ್ಳುತ್ತಿದೆ. ನಾಲ್ಕು ದಿನಕ್ಕೆ ಆರುತ್ತದೆ. ಇದು ಬೇಕಾದ ಉರಿಯೂತ. ಇನ್ನೊಂದು ಇದೆ, ಹೊರಗೆ ಕಾಣದ್ದು. ಬೂದಿ ಮುಚ್ಚಿದ ಕೆಂಡದ ಹಾಗೆ ವರ್ಷಗಟ್ಟಲೆ ಒಳಗೇ ಇರುತ್ತದೆ. ಹೊಟ್ಟೆಯ ಸುತ್ತ ಸೇರುವ ಕೊಬ್ಬು, ನಿದ್ದೆಗೇಡು, ಬೀಡಿ ಸಿಗರೇಟು, ಒಸಡಿನ ಕಾಯಿಲೆ ಎಲ್ಲವೂ ಅದಕ್ಕೆ ಗಾಳಿ ಊದುತ್ತವೆ. ರಕ್ತದಲ್ಲಿ ಸಿಆರ್‌ಪಿ ಪರೀಕ್ಷೆ ಮಾಡಿಸಿದರೆ ಅದರ ಸುಳಿವು ಸಿಗಬಹುದು. ದಿನಾ ಹದಿನಾರು ಚಮಚ ಸಕ್ಕರೆ ಕುಡಿದು ತೂಕ ಏರಿದರೆ ಆ ಕೆಂಡಕ್ಕೆ ಇನ್ನಷ್ಟು ಸೌದೆ ಹಾಕಿದಂತೆ. ಮಂಡಿಯ ಮೇಲೆ ಭಾರ ಬೀಳುವುದು ಬೇರೆ.

ಈಗ ಅರಿಶಿನಕ್ಕೆ ಬರೋಣ. ಅದರಲ್ಲಿ ಕೆಲಸ ಮಾಡುವ ಮುಖ್ಯ ವಸ್ತು ಕರ್ಕ್ಯುಮಿನ್. ಅಡುಗೆ ಅರಿಶಿನದ ತೂಕದಲ್ಲಿ ಅದು ಸುಮಾರು ನೂರಕ್ಕೆ ಮೂರು ಪಾಲು. ಒಂದು ಟೀ ಚಮಚ ಪುಡಿ 3 ಗ್ರಾಂ ಎಂದುಕೊಂಡರೆ ಅದರಲ್ಲಿ ಕರ್ಕ್ಯುಮಿನ್ ಇರುವುದು 90 ಮಿಲಿಗ್ರಾಂ. ಮಂಡಿ ನೋವಿನ ಮೇಲೆ ನಡೆದ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ದಿನಕ್ಕೆ 500ರಿಂದ 1500 ಮಿಲಿಗ್ರಾಂ ಕೊಡುತ್ತಾರೆ. ಅಷ್ಟನ್ನು ಪುಡಿಯಿಂದಲೇ ಪಡೆಯಲು ಹೋದರೆ ಐದಾರು ಚಮಚದಿಂದ ಶುರುವಾಗಿ ಹದಿನಾರರವರೆಗೂ ಹೋಗುತ್ತದೆ. ಬಾಯಿಗಿಡಲು ಆಗುವುದಿಲ್ಲ, ಹೊಟ್ಟೆಯೂ ಕೆಡುತ್ತದೆ. ಹಾಗಾಗಿ ಸ್ಮೂದಿಯ ಅರಿಶಿನವನ್ನು ಊಟದಲ್ಲಿರುವ ಅರಿಶಿನದ ಹಾಗೇ ನೋಡಿ. ದಿನಾ ಸ್ವಲ್ಪ, ವರ್ಷಪೂರ್ತಿ.

ಆ ಸ್ವಲ್ಪವೂ ಸುಮ್ನೆ ಹೊರಗೆ ಹೋಗಬಾರದು ಅಲ್ವಾ? ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಕರುಳು ಮತ್ತು ಲಿವರ್ ಅದನ್ನು ಬೇಗ ಬದಲಾಯಿಸಿ ಹೊರಗೆ ಹಾಕಿಬಿಡುತ್ತವೆ. ಕಾಳುಮೆಣಸಿನ ಖಾರಕ್ಕೆ ಕಾರಣವಾದ ಪೈಪರಿನ್ ಆ ಕೆಲಸವನ್ನು ನಿಧಾನ ಮಾಡುತ್ತದೆ. ಇದನ್ನು ಮನುಷ್ಯರಲ್ಲಿ ತೋರಿಸಿಕೊಟ್ಟ, ಇಡೀ ಜಗತ್ತು ಇವತ್ತಿಗೂ ಹೆಸರಿಸುವ ಅಧ್ಯಯನ ನಡೆದದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ. 1998ರಲ್ಲಿ ಪ್ರಕಟವಾಯಿತು. 2 ಗ್ರಾಂ ಕರ್ಕ್ಯುಮಿನ್ ಒಂದನ್ನೇ ಕೊಟ್ಟಾಗ ರಕ್ತದಲ್ಲಿ ಸಿಕ್ಕಿದ್ದು ಬಹಳ ಕಡಿಮೆ. ಜೊತೆಗೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಶೇಕಡಾ 2000ದಷ್ಟು ಏರಿತು. ಕೇಳಲು ದೊಡ್ಡ ಅಂಕಿ. ಆದರೆ ಮೊದಲಿದ್ದದ್ದೇ ಚೂರು ಅನ್ನುವುದನ್ನು ಮರೆಯಬೇಡಿ. ನಮ್ಮ ಕಾಲು ಚಮಚ ಅರಿಶಿನಕ್ಕೆ ಮೂರು ನಾಲ್ಕು ಕಾಳುಮೆಣಸು ಕುಟ್ಟಿ ಹಾಕಿದರೆ ಧಾರಾಳವಾಯಿತು.

ನಾನು ಹೇಳಿಕೊಡುವ ರೀತಿ ಹೀಗಿದೆ. ಒಗ್ಗರಣೆ ಸೌಟಿನಲ್ಲಿ ಅರ್ಧ ಚಮಚ ಕೊಬ್ಬರಿ ಎಣ್ಣೆ ಅಥವಾ ತುಪ್ಪ ಬಿಸಿ ಮಾಡಿ, ಒಲೆ ಆರಿಸಿ. ಆಮೇಲೆ ಕಾಲು ಚಮಚ ಅರಿಶಿನ, ಕುಟ್ಟಿದ ಮೆಣಸು ಹಾಕಿ ಹತ್ತು ಎಣಿಸುವವರೆಗೆ ಅಲ್ಲಾಡಿಸಿ. ಮಣ್ಣಿನಂಥ ಹಸಿ ವಾಸನೆ ಹೋಗಿ ಘಮ ಬರುತ್ತದೆ. ಒಲೆಯ ಮೇಲೇ ಬಿಟ್ಟರೆ ಕಪ್ಪಾಗಿ ಕಹಿಯಾಗುತ್ತದೆ. ಜಾಸ್ತಿ ಹೊತ್ತಿನ ಬಿಸಿ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಅರಿಶಿನವನ್ನು ಬೇರೆ ಬೇರೆ ರೀತಿ ಬೇಯಿಸಿ ನೋಡಿದ್ದರು. ಕರ್ಕ್ಯುಮಿನ್ನಿನ ಕಾಲು ಭಾಗದಿಂದ ಅರ್ಧದವರೆಗೆ ನಷ್ಟವಾಗಿತ್ತು, ಕುಕ್ಕರಿನಲ್ಲಿ ಬೇಯಿಸಿದಾಗ ಅತಿ ಹೆಚ್ಚು.

ಈ ಎಣ್ಣೆಯನ್ನು ನೇರ ಮಿಕ್ಸಿ ಜಾರಿಗೆ ಸುರಿಯಬೇಡಿ. ಫ್ರಿಜ್ಜಿನಿಂದ ತೆಗೆದ ಹಣ್ಣಿಗೆ ತಾಗಿದ ಕೂಡಲೇ ಹೆಪ್ಪುಗಟ್ಟಿ ಕಾಳುಕಾಳಾಗುತ್ತದೆ, ಬಾಯಿಗೆ ಮೇಣದ ಹಾಗೆ ಸಿಗುತ್ತದೆ. ಕಾಲು ಲೋಟ ತೆಂಗಿನ ಹಾಲಿಗೆ ಬೆರೆಸಿ, ಹಣ್ಣನ್ನು ಅರ್ಧ ಗಂಟೆ ಮೊದಲೇ ಹೊರಗಿಡಿ. ಹಣ್ಣು ಒಬ್ಬರಿಗೆ 100 ಗ್ರಾಂ, ಅಂದರೆ ಹೆಚ್ಚಿದ ಪಪ್ಪಾಯಿ ಒಂದು ಸಣ್ಣ ಬಟ್ಟಲು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ದಿನದ ತಟ್ಟೆಯಲ್ಲಿ ಹಣ್ಣಿನ ಪಾಲು ಅಷ್ಟೇ. ಸ್ಮೂದಿ ಕುಡಿದರೆ ಆ ದಿನದ ಹಣ್ಣು ಮುಗಿಯಿತು ಎಂದು ಲೆಕ್ಕ. ಅರ್ಧ ಇಂಚು ಹಸಿ ಶುಂಠಿ, ಹುರಿದು ಪುಡಿ ಮಾಡಿದ ಅಗಸೆ ಒಂದು ಚಮಚ, ಬೇಕಿದ್ದರೆ ನೆನೆಸಿದ ನಾಲ್ಕು ಬಾದಾಮಿ. ಅಗಸೆಯಲ್ಲಿ ಒಮೇಗಾ-3 ಇದೆ, ನಾರೂ ಇದೆ. ಬಾದಾಮಿ ದುಬಾರಿ ಅನಿಸಿದರೆ ಬಿಡಿ, ಅಗಸೆ ಬಿಡಬೇಡಿ. ಉತ್ತರ ಕರ್ನಾಟಕದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಅವರ ಮನೆಯಲ್ಲಿ ಅಗಸಿ ಚಟ್ನಿ ಇದ್ದೇ ಇರುತ್ತದೆ. ಎಲ್ಲ ಹಾಕಿ ತಿರುವಿ. ಸೋಸಬೇಡಿ. ಸೋಸಿದರೆ ನಾರು ಜರಡಿಯಲ್ಲೇ ಉಳಿಯುತ್ತದೆ, ಸಕ್ಕರೆ ನೀರು ನಿಮ್ಮ ಲೋಟಕ್ಕೆ ಬರುತ್ತದೆ. ಸಿಹಿಗೆ ಏನೂ ಬೇಡ. ಹಣ್ಣು ಚೆನ್ನಾಗಿ ಮಾಗಿದ್ದರೆ ಸಾಕು.

ತೆಂಗಿನ ಹಾಲಿನ ಬದಲು ಮೊಸರು ಹಾಕಬಹುದಾ ಎಂದು ಎಲ್ಲರೂ ಕೇಳುತ್ತಾರೆ. ಹಾಕಬಹುದು, ಆದರೆ ಮಾಡಿದ ಕೂಡಲೇ ಕುಡಿಯಬೇಕು. ಅನಾನಸ್, ಪಪ್ಪಾಯಿ, ಹಸಿ ಶುಂಠಿ ಮೂರರಲ್ಲೂ ಪ್ರೋಟೀನ್ ಕತ್ತರಿಸುವ ಕಿಣ್ವಗಳಿವೆ. ಹಾಲು ಮೊಸರಿನ ಪ್ರೋಟೀನನ್ನು ಅವು ಮುರಿಯುತ್ತಾ ಹೋದ ಹಾಗೆ ಕಹಿ ಬರುತ್ತದೆ. ಬೆಳಿಗ್ಗೆ ರುಚಿಯಾಗಿದ್ದದ್ದು ಆಫೀಸಿಗೆ ಹೋಗಿ ಬಾಟಲಿ ತೆಗೆಯುವಷ್ಟರಲ್ಲಿ ಕಹಿಯಾಗಿರುತ್ತದೆ, ಜನ ಅರಿಶಿನವನ್ನು ಬೈಯುತ್ತಾರೆ. ಡಬ್ಬಿಗೆ ಹಾಕಿಕೊಂಡು ಹೋಗುವವರು ತೆಂಗಿನ ಹಾಲನ್ನೇ ಬಳಸಿ, ಶುಂಠಿಯ ಬದಲು ಒಣ ಶುಂಠಿ ಪುಡಿ ಹಾಕಿ.

ಬಾಳೆಹಣ್ಣಿನ ವಿಷಯವೂ ಹೇಳಬೇಕು. ಕುಯ್ದಿಟ್ಟ ಬಾಳೆ ಕಪ್ಪಾಗುವುದನ್ನು ನೋಡಿದ್ದೀರಿ. ಹಾಗೆ ಮಾಡುವ ಕಿಣ್ವ ಬೆರ್ರಿ, ದ್ರಾಕ್ಷಿ, ಸೇಬುಗಳಲ್ಲಿರುವ ಫ್ಲಾವನಾಲ್ ಎಂಬ ಒಳ್ಳೆಯ ಅಂಶವನ್ನೂ ಹಾಳು ಮಾಡುತ್ತದೆ. 2023ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಕೆಲವೇ ಜನರ ಮೇಲೆ ಮಾಡಿ ನೋಡಿದ ಪ್ರಯೋಗದಲ್ಲಿ, ಬಾಳೆ ಹಾಕಿದ ಸ್ಮೂದಿ ಕುಡಿದವರ ರಕ್ತಕ್ಕೆ ಸೇರಿದ ಫ್ಲಾವನಾಲ್ ಶೇಕಡಾ 84ರಷ್ಟು ಕಡಿಮೆಯಾಗಿತ್ತು. ಬಾಳೆ ಕೆಟ್ಟದ್ದು ಎಂದು ಅರ್ಥವಲ್ಲ. ದ್ರಾಕ್ಷಿ ಅಥವಾ ಸೇಬಿನ ಸ್ಮೂದಿಗೆ ಅದು ಬೇಡ, ಬಾಳೆಯನ್ನು ಬಾಳೆಯಾಗಿಯೇ ತಿನ್ನಿ. ಅದರ ಬದಲು ಕಿತ್ತಳೆ, ಮಾವು, ಅನಾನಸ್ ಹಾಕಿದರೆ ಈ ತೊಂದರೆ ಕಡಿಮೆ.

ಚಕ್ಕೆಯ ಬಗ್ಗೆ ನಾನು ಸ್ವಲ್ಪ ಕಟ್ಟುನಿಟ್ಟು. ಅಂಗಡಿಯಲ್ಲಿ ಸಿಗುವ ದಪ್ಪ, ಗಟ್ಟಿ ತೊಗಟೆ ಹೆಚ್ಚಾಗಿ ಕ್ಯಾಶಿಯಾ. ಅದರಲ್ಲಿ ಕೂಮರಿನ್ ಎಂಬ ವಸ್ತು ಇದೆ, ದಿನಾ ಜಾಸ್ತಿ ಹೋದರೆ ಕೆಲವರ ಲಿವರಿಗೆ ತೊಂದರೆ. ಕಾಗದ ಸುತ್ತಿದ ಹಾಗೆ ಪದರ ಪದರವಾಗಿ, ಕೈಯಲ್ಲಿ ಮುರಿದರೆ ಪುಡಿಯಾಗುವ ಸಿಲೋನ್ ಚಕ್ಕೆಯಲ್ಲಿ ಅದು ಬಹಳ ಕಡಿಮೆ. ಯಾವುದೆಂದು ಗೊತ್ತಿಲ್ಲದಿದ್ದರೆ ಒಂದು ಚಿಟಿಕೆಗೆ ನಿಲ್ಲಿಸಿ. ಆ ಅಮ್ಮ ದಿನಾ ಒಂದು ಚಮಚ ಹಾಕುತ್ತಿದ್ದರು.

ಇನ್ನು, ಇದನ್ನು ಶುರು ಮಾಡುವ ಮೊದಲು ಡಾಕ್ಟರನ್ನು ಕೇಳಲೇಬೇಕಾದವರು ಇದ್ದಾರೆ. ವಾರ್ಫರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು. ಪಿತ್ತಕೋಶದಲ್ಲಿ ಕಲ್ಲಿರುವವರು, ಯಾಕೆಂದರೆ ಅರಿಶಿನ ಪಿತ್ತಕೋಶವನ್ನು ಹಿಂಡುತ್ತದೆ. ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲು ಪದೇ ಪದೇ ಆಗುವವರು, ಅರಿಶಿನದಲ್ಲಿ ಆಕ್ಸಲೇಟ್ ಹೆಚ್ಚು. ಫಿಟ್ಸ್‌ಗೆ ಫೆನಿಟಾಯಿನ್ ತೆಗೆದುಕೊಳ್ಳುವವರು, ಯಾಕೆಂದರೆ ಪೈಪರಿನ್ ಕರ್ಕ್ಯುಮಿನ್ನನ್ನು ರಕ್ತದಲ್ಲಿ ಉಳಿಸುವ ಹಾಗೇ ಆ ಔಷಧಿಯನ್ನೂ ಉಳಿಸುತ್ತದೆ. ಸಾರಿಗೆ ಹಾಕುವಷ್ಟು ಅರಿಶಿನ, ಮೆಣಸಿಗೆ ಇವರು ಯಾರೂ ಹೆದರಬೇಕಿಲ್ಲ. ಚಮಚಗಟ್ಟಲೆ ತಿನ್ನುವಾಗ, ಮಾತ್ರೆಯ ರೂಪದಲ್ಲಿ ನುಂಗುವಾಗ ವಿಷಯ ಬೇರೆಯಾಗುತ್ತದೆ. ಮೆಣಸಿನ ಸತ್ವ ಸೇರಿಸಿದ ಅರಿಶಿನದ ಮಾತ್ರೆ ತಿಂದು ಲಿವರಿಗೆ ಪೆಟ್ಟಾದ ಪ್ರಕರಣಗಳು ಅಮೆರಿಕ, ಇಟಲಿಯಲ್ಲಿ ವರದಿಯಾಗಿವೆ. ಗಿಡಮೂಲಿಕೆ ತಾನೇ ಎಂದು ಅಂಗಡಿಯಿಂದ ತಂದು ನುಂಗಬೇಡಿ, ದಯವಿಟ್ಟು.

ಹೊಲದ ಅರಿಶಿನ ಇಲ್ಲದವರು ಪುಡಿ ಕೊಳ್ಳುವಾಗ ಕಣ್ಣಿಗೆ ಹೊಡೆಯುವ ಹಳದಿಯನ್ನು ನಂಬಬೇಡಿ. ಬಣ್ಣ ಬರಲೆಂದು ಸೀಸದ ಕ್ರೋಮೇಟ್ ಬೆರೆಸುವ ಕೆಟ್ಟ ಅಭ್ಯಾಸ ಬಾಂಗ್ಲಾದೇಶದಲ್ಲೂ ನಮ್ಮ ದೇಶದಲ್ಲೂ ಪತ್ತೆಯಾಗಿದೆ. ಸೀಸ ಮಕ್ಕಳ ಮೆದುಳಿಗೆ ವಿಷ. ನಾನು ಗೊತ್ತಿರುವ ರೈತರಿಂದ ಪಾಲಿಶ್ ಮಾಡದ, ಮಂಕಾಗಿ ಕಾಣುವ ಕೊಂಬನ್ನೇ ತಂದು ಬೀಸಿಸಿಕೊಳ್ಳುತ್ತೇನೆ.

ಆ ಅಮ್ಮನಿಗೆ ಮೊದಲು ಹೇಳಿದ್ದು ರಾತ್ರಿಯ ಮಾತ್ರೆಯನ್ನು ಅವತ್ತಿನಿಂದಲೇ ಮತ್ತೆ ಶುರು ಮಾಡಿ, ಡಾಕ್ಟರಿಗೆ ವಿಷಯ ತಿಳಿಸಿ ಎಂದು. ಜೇನು ಪೂರ್ತಿ ನಿಂತಿತು. ಸ್ಮೂದಿ ವಾರಕ್ಕೆ ಮೂರು ದಿನ, ಅರ್ಧ ಲೋಟ, ರಾಗಿ ರೊಟ್ಟಿ ಪಲ್ಯದ ಜೊತೆ, ನಿಧಾನವಾಗಿ. ಕುಡಿದದ್ದು ಅಗಿದು ತಿಂದಷ್ಟು ಹೊಟ್ಟೆ ತುಂಬಿಸುವುದಿಲ್ಲ, ಅದಕ್ಕೇ ಊಟದ ಜೊತೆ. ತೊಡೆಯ ಸ್ನಾಯುಗಳಿಗೆ ಕುರ್ಚಿಯಲ್ಲಿ ಕೂತು ಮಾಡುವ ವ್ಯಾಯಾಮವನ್ನು ಫಿಸಿಯೋಥೆರಪಿಯವರು ಕಲಿಸಿದರು.

ಮೂರು ತಿಂಗಳ ಮೇಲೆ ಬಂದಾಗ ಅವರ ತೂಕ ಎರಡೂವರೆ ಕಿಲೋ ಇಳಿದಿತ್ತು. ಊಟದ ನಂತರದ ಸಕ್ಕರೆ 170ಕ್ಕೆ ಬಂದಿತ್ತು. ಮಂಡಿ ನೋವು ಹೋಗಿರಲಿಲ್ಲ, ಆದರೆ ಬಸ್ಸಿನ ಮೆಟ್ಟಿಲು ಹತ್ತುವಾಗ ಈಗ ಯಾರ ಕೈಯನ್ನೂ ಹಿಡಿಯುವುದಿಲ್ಲವಂತೆ. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು, "ಮಿಕ್ಸಿ ಜಾರಿನ ಮುಚ್ಚಳ ಎಲ್ಲ ಹಳದಿ ಆಗೋಗಿದೆ ಮೇಡಂ, ಎಷ್ಟು ಉಜ್ಜಿದ್ರೂ ಹೋಗ್ತಿಲ್ಲ."

ಉಜ್ಜಬೇಡಿ ಅಮ್ಮಾ ಎಂದೆ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ತೊಳೆದು ಒಂದೆರಡು ದಿನ ಬಿಸಿಲಿಗಿಟ್ಟರೆ ತಾನಾಗಿ ಬಿಡುತ್ತದೆ.