ನ್ಯೂ ಇಂಗ್ಲೆಂಡಿನ ದಡಕ್ಕಿಳಿಯದ ಬಿಷಪ್

1722ರ ಸೆಪ್ಟೆಂಬರಿನಲ್ಲಿ, ಅಮೆರಿಕದ ಬ್ರಿಟಿಷ್ ವಸಾಹತುಗಳಲ್ಲೊಂದಾದ, ನ್ಯೂ ಇಂಗ್ಲೆಂಡ್ ಪ್ರದೇಶದ ಕನೆಕ್ಟಿಕಟ್‌ನ ಯೇಲ್ ಕಾಲೇಜಿನ ಮುಖ್ಯಸ್ಥ ಟಿಮೊಥಿ ಕಟ್ಲರ್ ಪದವಿ ಸಮಾರಂಭದ ಪ್ರಾರ್ಥನೆಯನ್ನು ‘ಜನರೆಲ್ಲರೂ ಆಮೆನ್ ಎನ್ನಲಿ’ ಎಂದು ಮುಗಿಸಿದಾಗ ಸಭೆ ದಂಗಾಯಿತು. ಇಂಗ್ಲೆಂಡಿನ ಅಧಿಕೃತ ಚರ್ಚಿನವರಾದ ಆಂಗ್ಲಿಕನ್ನರ ರೀತಿಯದೆನಿಸಿದ ಆ ಮಾತು ಆ ಚರ್ಚಿನ ರೀತಿನೀತಿಗಳನ್ನು ಒಪ್ಪದ ಪ್ಯೂರಿಟನ್ನರ ಸಂತತಿಯವರು ಕಟ್ಟಿದ ಕಾಲೇಜಿನಲ್ಲಿ ಕೇಳಿಬಂದಿತ್ತು. ಬಿಷಪ್ಪರ ಕೈಯಿಂದ ಪಡೆಯದ ಪಾದ್ರಿದೀಕ್ಷೆ ಸಿಂಧುವೇ ಎಂಬ ಸಂದೇಹ ತಮಗಿದೆಯೆಂದು ಕಟ್ಲರ್ ಮತ್ತು ಸಂಗಡಿಗರು ಬಳಿಕ ಬಹಿರಂಗವಾಗಿಯೇ ಹೇಳಿದರು.

ಯೇಸುವಿನ ಶಿಷ್ಯರಾದ ಅಪೊಸ್ತಲರಿಂದ ಬಿಷಪ್ಪರ ಮೂಲಕ ಅಧಿಕಾರ ಹರಿದುಬರುತ್ತದೆಂಬುದು ಆಂಗ್ಲಿಕನ್ನರ ವಾದ. ಸಭಾಪಾಲಕನನ್ನು ಆರಿಸುವ ಹಕ್ಕು ಆಯಾ ಸಭೆಯದೆಂಬುದು ಪ್ಯೂರಿಟನ್ನರಿಂದ ಬೆಳೆದ ಕಾಂಗ್ರಿಗೇಷನಲ್ ಪಂಥದವರ ನಂಬಿಕೆ. ಆದರೆ ವಸಾಹತುಗಳಲ್ಲಿ ಒಬ್ಬ ಬಿಷಪ್ಪನೂ ಇರಲಿಲ್ಲವಾದ್ದರಿಂದ ದೀಕ್ಷೆ ಬೇಕಾದವರು ಅಟ್ಲಾಂಟಿಕ್ ದಾಟಬೇಕಿತ್ತು. ಕಟ್ಲರ್ ಜೊತೆ ಹೋದ ಡೇನಿಯಲ್ ಬ್ರೌನ್ ದೀಕ್ಷೆ ಪಡೆದು, ಲಂಡನ್ನಿನಲ್ಲೇ ಸಿಡುಬಿಗೆ ಬಲಿಯಾದರು.

ಬಿಷಪ್ಪನನ್ನು ಕಳಿಸಿರೆಂಬ ಬೇಡಿಕೆ ಹೀಗಾಗಿ ನ್ಯಾಯವಾದದ್ದೇ ಆಗಿತ್ತು. ಆಂಗ್ಲಿಕನ್ ಚರ್ಚಿಗೆ ಸೇರದ ಭಿನ್ನಮತೀಯರು ಹೆದರಿದ್ದು ಮಾತ್ರ ದೀಕ್ಷೆಗಲ್ಲ, ಅದರ ಬೆನ್ನಿಗೆ ಬರಬಹುದಾದ ಧರ್ಮನ್ಯಾಯಾಲಯ ಮತ್ತು ದಶಮಾಂಶ ತೆರಿಗೆಗಳಿಗೆ. 1763ರಲ್ಲಿ ಬಾಸ್ಟನ್ನಿನ ಕಾಂಗ್ರಿಗೇಷನಲ್ ಪಾದ್ರಿ ಜೊನಾಥನ್ ಮೇಹ್ಯೂ ಆಂಗ್ಲಿಕನ್ ಮಿಷನರಿ ಸೊಸೈಟಿಯ ಮೇಲೆ ಹರಿಹಾಯ್ದಾಗ, ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಥಾಮಸ್ ಸೆಕರ್ ಹೆಸರು ಹಾಕದೆ ಉತ್ತರ ಬರೆದರು. ಬರುವ ಬಿಷಪ್ಪನಿಗೆ ಜನಸಾಮಾನ್ಯರ ಮೇಲೆ ಯಾವ ಅಧಿಕಾರವೂ ಇರುವುದಿಲ್ಲವೆಂದು 1767ರಲ್ಲಿ ಆಂಗ್ಲಿಕನ್ ಪಾದ್ರಿ ಥಾಮಸ್ ಬ್ರಾಡ್ಬರಿ ಚಾಂಡ್ಲರ್ ಭರವಸೆಯಿತ್ತರು. ವಸಾಹತುಗಳ ಮೇಲೆ ಬ್ರಿಟಿಷ್ ಪಾರ್ಲಿಮೆಂಟ್ ತೆರಿಗೆ ಹೇರಿದ 1765ರ ಸ್ಟಾಂಪ್ ಕಾಯ್ದೆಯ ಬಿಸಿ ಆರದವರು ನಂಬಲಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ತಮ್ಮ ಪಾದ್ರಿಗಳಿಗೆಂದು ತಾವೇ ತೆರಿಗೆ ಎತ್ತುತ್ತಿದ್ದವರು ಸ್ವಾತಂತ್ರ್ಯದ ಮಾತಾಡಿದ್ದರಲ್ಲಿ ವ್ಯಂಗ್ಯವಿಲ್ಲದಿಲ್ಲ.

1769ರ ಒಂದು ವ್ಯಂಗ್ಯಚಿತ್ರದಲ್ಲಿ ಬಿಷಪ್ ಹಡಗಿನ ಹಗ್ಗ ಹಿಡಿದು ಮೇಲೇರುತ್ತಿದ್ದಾನೆ. ದಡದ ಜನ ಅವನತ್ತ ಎಸೆಯುತ್ತಿರುವುದು ಕಲ್ಲುಗಳನ್ನಲ್ಲ, ಧರ್ಮಸುಧಾರಕ ಕ್ಯಾಲ್ವಿನ್ ಮತ್ತು ತತ್ವಜ್ಞಾನಿ ಲಾಕ್‌ರ ಗ್ರಂಥಗಳನ್ನು. ಜನರನ್ನು ಪಾರ್ಲಿಮೆಂಟಿನ ಅಧಿಕಾರವನ್ನೇ ಪ್ರಶ್ನಿಸುವಂತೆ ಮಾಡಿದ್ದರಲ್ಲಿ ಬಿಷಪ್ಪನ ಭಯದ ಪಾಲು ದೊಡ್ಡದೆಂದು ಅಮೆರಿಕದ ಮಾಜಿ ಅಧ್ಯಕ್ಷ ಜಾನ್ ಆಡಮ್ಸ್ 1815ರಲ್ಲಿ ನೆನೆದರು.

ಅಮೆರಿಕದ ಕ್ರಾಂತಿಯ ನಂತರ ಕನೆಕ್ಟಿಕಟ್‌ನ ಆಂಗ್ಲಿಕನ್ ಪಾದ್ರಿ ಸ್ಯಾಮ್ಯುಯೆಲ್ ಸೀಬರಿ ಬಿಷಪ್ ಆಗಲೆಂದು ಲಂಡನ್ನಿಗೆ ಹೋದಾಗ ಅಡ್ಡ ಬಂದದ್ದು ದೊರೆಗೆ ನಿಷ್ಠೆಯ ಪ್ರಮಾಣ. ಹೊಸ ಗಣರಾಜ್ಯದ ಪ್ರಜೆ ಅದನ್ನು ಸ್ವೀಕರಿಸುವಂತಿರಲಿಲ್ಲ. ಅವರು ಸ್ಕಾಟ್ಲೆಂಡಿಗೆ ತೆರಳಿ, 1784ರ ನವೆಂಬರ್ 14ರಂದು ಅಬರ್ಡೀನ್‌ನಲ್ಲಿ, ಸರ್ಕಾರದ ಮನ್ನಣೆಯೇ ಇಲ್ಲದ ಮೂವರು ಬಿಷಪ್ಪರಿಂದ ಅಭಿಷೇಕ ಪಡೆದರು.