ಬೆಳಗುವ ಕೊಲ್ಲಿಗೆ ಇಳಿದು ಈಜಿದರೆ ತಪ್ಪೇನು?

ಪ್ರಶ್ನೆ: ರಾತ್ರಿ ನೀಲಿಯಾಗಿ ಹೊಳೆಯುವ ಕೊಲ್ಲಿಯಲ್ಲಿ ಈಜಲು ಬಿಡುವುದಿಲ್ಲವಂತೆ. ಒಬ್ಬರು ಇಳಿದರೆ ಅಷ್ಟು ದೊಡ್ಡ ಸಮುದ್ರಕ್ಕೆ ಏನಾಗುತ್ತದೆ?
– ಓದುಗರೊಬ್ಬರು, ಜಯನಗರ, ಬೆಂಗಳೂರು

ಸಮುದ್ರಕ್ಕೆ ಏನೂ ಆಗುವುದಿಲ್ಲ. ಆದರೆ ಆ ಕೊಲ್ಲಿಯನ್ನು ಸಮುದ್ರವೆಂದು ನೋಡಬೇಡಿ, ಕೆರೆಯೆಂದು ನೋಡಿ. ಬೆಂಗಳೂರಿನವರಿಗೆ ಕೆರೆಯ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ: ಒಳಗೆ ಬಂದದ್ದು ಹೊರಗೆ ಹೋಗದಿದ್ದರೆ ಅಲ್ಲೇ ಉಳಿಯುತ್ತದೆ.

ಕೆರಿಬಿಯನ್ ಕಡಲಿನಲ್ಲಿ ಅಮೆರಿಕಕ್ಕೆ ಒಳಪಟ್ಟ ಪೋರ್ಟೊರಿಕೋಗೆ ಸೇರಿದ ವಿಯೆಕೆಸ್ ಎಂಬ ಪುಟ್ಟ ದ್ವೀಪದ ಮೊಸ್ಕಿಟೊ ಕೊಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಬೆಳಗುವ ಕೊಲ್ಲಿಯೆಂದು ಗಿನ್ನೆಸ್ ದಾಖಲೆಯಲ್ಲಿದೆ. ಅದರ ಬಾಯಿ ಬಹಳ ಕಿರಿದು. ಹಾಗಾಗಿಯೇ ಪೈರೋಡಿನಿಯಮ್ ಎಂಬ ಏಕಕೋಶ ಜೀವಿಗಳು ಹೊರಗೆ ಕೊಚ್ಚಿಹೋಗದೆ ಒಂದು ಲೀಟರ್ ನೀರಿನಲ್ಲಿ ಲಕ್ಷಕ್ಕೂ ಹೆಚ್ಚು ಸೇರಿಕೊಂಡಿವೆ. ದಡದ ಕೆಂಪು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಎಲೆ ಉದುರಿ ಕೊಳೆತಾಗ ಬಿಡುಗಡೆಯಾಗುವ ಪೋಷಕಾಂಶವೇ ಅವುಗಳ ಆಹಾರ. ನೀರು ಅಲುಗಿದರೆ ಒಂದೊಂದು ಕೋಶವೂ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಮಿಂಚುತ್ತದೆ. ಮೀನು ಹಾದುಹೋದರೆ ನೀರಿನಲ್ಲಿ ಬೆಳಕಿನ ಗೆರೆ ಮೂಡುತ್ತದೆ. ಹುಟ್ಟು ಹಾಕಿದರೆ ಸುಳಿಯೇ ಬೆಳಗುತ್ತದೆ.

ಈಜುಗಾರ ನೀರು ಕದಡುವುದು ದೊಡ್ಡ ತೊಂದರೆಯಲ್ಲ, ಮೀನುಗಳೂ ಕದಡುತ್ತವೆ. ಮೈಯಿಂದ ತೊಳೆದುಹೋಗುವ ಸನ್‌ಸ್ಕ್ರೀನ್ ಮತ್ತು ಸೊಳ್ಳೆ ನಿವಾರಕವೇ ತೊಂದರೆ. ಪ್ರತಿ ರಾತ್ರಿ ಹತ್ತಾರು ಜನ ಹೀಗೆ ತೊಳೆದರೆ ಕಿರಿದಾದ ಬಾಯಿಯ ಆ ನೀರು ಅದನ್ನು ಹೊರಹಾಕುವುದು ಹೇಗೆ? 2007ರಿಂದ ಅಲ್ಲಿ ಈಜಲು ಬಿಡುವುದಿಲ್ಲ. ನನಗೆ ಅದು ನ್ಯಾಯವಾಗಿಯೇ ಕಾಣುತ್ತದೆ.

2017ರ ಸೆಪ್ಟೆಂಬರಿನಲ್ಲಿ ಮರಿಯಾ ಚಂಡಮಾರುತ ಕಾಂಡ್ಲಾ ಗಿಡಗಳನ್ನು ಬೋಳಿಸಿದಾಗ ಕೊಲ್ಲಿ ತಿಂಗಳುಗಟ್ಟಲೆ ಕತ್ತಲಾಗಿತ್ತು. ಆಮೇಲೆ ತಾನಾಗಿಯೇ ಮತ್ತೆ ಬೆಳಗಿತು. ಬಿರುಗಾಳಿ ಒಮ್ಮೆ ಬಂದು ಹೋಗುತ್ತದೆ, ನಾವು ಹಾಗಲ್ಲ.

ನಮ್ಮ ಕಾರವಾರ, ಮಲ್ಪೆಯ ಅಲೆಗಳೂ ಕೆಲವು ವರ್ಷ ಹೊಳೆಯುತ್ತವಲ್ಲ ಎಂದು ಕೇಳುವಿರಿ. ಅಲ್ಲಿ ಹೊಳೆಯುವುದು ಬೇರೆ ಜೀವಿ, ನಾಕ್ಟಿಲ್ಯೂಕಾ. ತೆರೆದ ಕಡಲಿನಲ್ಲಿ ಅದು ಹಿಂಡಾಗಿ ಬಂದು ಹೋಗುತ್ತದೆ. ಅದು ತೀರಾ ಹೆಚ್ಚಿದರೆ ನೀರಿನ ಆಮ್ಲಜನಕ ಇಳಿದು ಮೀನುಗಳಿಗೂ ಕುತ್ತು ಬರಬಹುದು. ಅಂದರೆ ಬೆಳಕಿದ್ದಲ್ಲೆಲ್ಲ ಕಡಲು ಆರೋಗ್ಯವಾಗಿದೆ ಎನ್ನುವಂತಿಲ್ಲ.

ಎರಡೂ ಕಡೆ ಒಂದು ವಿಷಯ ಮಾತ್ರ ಸಮಾನ: ನಮ್ಮ ದೀಪಗಳ ಹಾವಳಿ. ವಿಯೆಕೆಸ್‌ನಲ್ಲಿ 2003ರವರೆಗೆ ಅಮೆರಿಕದ ನೌಕಾಪಡೆ ಬಾಂಬ್ ಹಾಕಿ ಅಭ್ಯಾಸ ಮಾಡುತ್ತಿದ್ದ ಜಾಗದ ಬಹುಭಾಗ ಈಗ ವನ್ಯಜೀವಿ ಧಾಮ, ಆ ದಡಗಳಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ನಮ್ಮ ಉತ್ತರ ಕನ್ನಡದ ಮರಳಿನಲ್ಲಿ ಆಲಿವ್ ರಿಡ್ಲಿ ಆಮೆಗಳು ಇಡುತ್ತವೆ. ಅಂಗೈಯಷ್ಟೂ ಇಲ್ಲದ ಮರಿ ಮರಳಿನಿಂದ ತಲೆ ಎತ್ತಿದೊಡನೆ ಹೆಚ್ಚು ಬೆಳಕಿರುವ ಕಡೆಯೇ ಕಡಲು ಎಂದು ನಂಬಿ ಹೊರಡುತ್ತದೆ. ಹಿಂದೆ ರೆಸಾರ್ಟಿನ ದೀಪವೋ ಮೊಬೈಲ್ ಟಾರ್ಚೋ ಉರಿಯುತ್ತಿದ್ದರೆ ಅದು ರಸ್ತೆಯ ಕಡೆಗೆ ತೆವಳುತ್ತದೆ, ಬೆಳಗಾಗುವಷ್ಟರಲ್ಲಿ ಬಿಸಿಲಿಗೋ ನಾಯಿಗೋ ಕಾಗೆಗೋ ಬಲಿಯಾಗುತ್ತದೆ.

ಹೋಗುವುದಾದರೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಹೋಗಿ, ಮೈಗೆ ಏನನ್ನೂ ಹಚ್ಚಿಕೊಳ್ಳದೆ, ಮೋಟಾರಿಲ್ಲದ ದೋಣಿಯಲ್ಲಿ. ಫೋನನ್ನು ಚೀಲದೊಳಗೆ ಇಡಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಬೇಕು.